ಕಾಡುಬೆಕ್ಕಿಗೊಂದು ಮುಯ್ಯಾಳು

ಮೂರು ಕಾಲಿನ ಸ್ಟ್ಯಾಂಡೊಂದನ್ನು ಮದ್ದೂರಿಗೂ ಮಳವಳ್ಳಿಗೂ ನಡುವಿನ ಯಾವುದಾದರೂ ಗದ್ದೆಯ ತೆವರಿಯ, ಎಂದರೆ ಬದುವಿನ, ಮೇಲೆ ನಿಲ್ಲಿಸಿದರೆ, ಅದರ ಮೇಲೆ ಕ್ಯಾಮೆರಾ ಕೂರಿಸುವ ಮೊದಲೇ ಸುತ್ತ ಒಂದು ಸಭೆ ಸೇರಿರುತ್ತದೆ. ಹೆದ್ದಾರಿ ಅಗಲವಾದ ಮೇಲೆ ಈ ಸೀಮೆಯ ಜನ ಅಂಥ ಸ್ಟ್ಯಾಂಡನ್ನು ಹೆಚ್ಚಾಗಿ ಕಂಡಿರುವುದು ಭೂಮಿ ಅಳೆಯುವವರ ಕೈಯಲ್ಲಿ. ಆ ಬೆಳಿಗ್ಗೆ ನನ್ನ ಸುತ್ತಲೂ ಸಭೆ ಸೇರಿತು.

“ಯಾವ ರೋಡ್ಗಮ್ಮ ಅಳೀತಿರಾದು?” ಎಂದು ಪಕ್ಕದ ಗದ್ದೆಯ ಯಜಮಾನರು ಟವೆಲ್ಲು ಕೊಡವುತ್ತ ಕೇಳಿದರು.

“ಅಳೆಯೋಕೆ ಬಂದಿಲ್ಲ ಅಣ್ಣ. ಫೋಟೋ ತೆಗೆಯೋಕೆ ಬಂದಿದ್ದೀನಿ.”

“ಊಂ, ಮೊದ್ಲು ಫೋಟೋ. ಆಮ್ಯಾಕೆ ಕಲ್ಲು ನೆಡಾದು. ಐವೇನೋರೂ ಇಂಗೇ ಅಂದಿದ್ರು.”

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಎದುರಾಳಿಯ ಮಾತನ್ನು ಮೊದಲು ಒಪ್ಪಿ, ಬಳಿಕ ಸಾಕ್ಷ್ಯದಿಂದ ತಿರುಗಿಸುವುದನ್ನು ಕಲಿತಿದ್ದೆ. ಉದ್ದದ ಲೆನ್ಸನ್ನು ದೂರದ ಕೆಸರುಗದ್ದೆಯಲ್ಲಿ ನಿಂತಿದ್ದ ಕೊಕ್ಕರೆಯತ್ತ ತಿರುಗಿಸಿ, ನೀವೇ ನೋಡಿ ಎಂದೆ. ಅವರು ಒಂದು ಕಣ್ಣು ಮುಚ್ಚಿ ಬಗ್ಗಿದರು. ಬಹಳ ಹೊತ್ತು ಏಳಲಿಲ್ಲ.

“ಕೊಕ್ರೆ ಕಣ್ಣು ಅಳ್ದಿ ಕಣ್ರಲಾ!” ಎಂದು ಕೂಗಿದರು. “ಐವತ್ತೊರ್ಸದಿಂದ ನೋಡ್ತಾವ್ನಿ, ಅದ್ಕೊಂದು ಕಣ್ಣೈತೆ ಅಂತ್ಲೇ ಗೊತ್ತಿರ್ಲಿಲ್ಲ.”

ಸರ್ವೆಯ ಅನುಮಾನ ಅಲ್ಲಿಗೆ ತೀರಿತು. ಎಲ್ಲರೂ ಸಾಲಾಗಿ ನಿಂತು ಕೊಕ್ಕರೆಯ ಕಣ್ಣು ನೋಡಿದರು. ಕೊನೆಯಲ್ಲಿ ಬಗ್ಗಿದವರು ನಾನು ನಿಂತಿದ್ದ ಕಬ್ಬಿನ ಗದ್ದೆಯ ಯಜಮಾನಿ. ನೋಡಿ ಮುಗಿಸಿ, ಸೆರಗಿನಿಂದ ಲೆನ್ಸಿನ ಅಂಚು ಒರೆಸಿ, “ಇರು ಕೂಸೇ, ನಮ್ಮ ಗದ್ದೇಲೇ ಇರು,” ಎಂದರು.

ನಾನು ಅಲ್ಲಿಗೆ ಬಂದದ್ದು ಒಂದು ಸೋಲಿನ ಹಿಂದೆಯೇ. ಕೆಲವು ವರ್ಷಗಳಿಂದ ದೇಶದ ಉದ್ದಗಲಕ್ಕೆ ತಿರುಗಿ ಕಾಡುಪ್ರಾಣಿಗಳ ಚಿತ್ರ ತೆಗೆಯುತ್ತಿದ್ದೇನೆ. ಪಶ್ಚಿಮದ ಉಪ್ಪಿನ ಬಯಲಿನಲ್ಲಿ ಓಡುವ ಕಾಡುಕತ್ತೆ, ಬ್ರಹ್ಮಪುತ್ರದ ಹುಲ್ಲುಗಾವಲಿನ ಖಡ್ಗಮೃಗ, ಲಡಾಖಿನ ಜೌಗಿನಲ್ಲಿ ಜೋಡಿಯಾಗಿ ಕುಣಿಯುವ ಕಪ್ಪುಕೊರಳಿನ ಕ್ರೌಂಚ, ಇಂಥವನ್ನು ಆಳೆತ್ತರದ ಬಟ್ಟೆಯ ಮೇಲೆ ಅಚ್ಚು ಹಾಕಿಸಿ, ಸುರುಳಿ ಸುತ್ತಿ, ಬಸ್ಸಿನಲ್ಲೇ ಒಯ್ದು ಸರ್ಕಾರಿ ಶಾಲೆಗಳ ಗೋಡೆಗೆ ನೇತುಹಾಕುತ್ತೇನೆ. ಕಂಡದ್ದನ್ನು ಮಾತ್ರ ಮನುಷ್ಯ ಕಾಯುತ್ತಾನೆ ಎಂಬುದು ನನ್ನ ನಂಬಿಕೆ. ಮಳವಳ್ಳಿಯ ಬಳಿಯ ಶಾಲೆಯೊಂದರಲ್ಲಿ ಪ್ರದರ್ಶನ ಮುಗಿದ ಮೇಲೆ ಅಲ್ಲಿಯ ಶಿಕ್ಷಕಿ ಎಲ್ಲ ಚಿತ್ರಗಳನ್ನೂ ಮೆಚ್ಚಿ, ಕೊನೆಗೆ ಒಂದು ಮಾತು ಕೇಳಿದ್ದರು: “ಇವೆಲ್ಲ ದೂರದವು. ಬಾಗಿಲು ತೆಗೆದರೆ ಕಾಣುವಂಥದ್ದು ನಮ್ಮ ಜಿಲ್ಲೆಯಲ್ಲಿ ಒಂದೂ ಇಲ್ಲವೇ?” ನಾನೂ ಅದೇ ಮಂಡ್ಯ ಜಿಲ್ಲೆಯವಳು. ಅಂದಿನಿಂದ ನನ್ನ ಸುರುಳಿಗಳ ನಡುವೆ ಒಂದು ಖಾಲಿ ಬಟ್ಟೆ ಸೇರಿಕೊಂಡಿತು.

ಮೊದಲು ಮುತ್ತತ್ತಿಗೆ ಹೋದೆ, ಕಾವೇರಿಯ ನೀರುನಾಯಿಗಳಿಗಾಗಿ. ನೀರುನಾಯಿಗಳಿದ್ದವು, ಆಂಜನೇಯನಿಗೆ ಕೈಮುಗಿದು ಹೊಳೆಯ ದಡದಲ್ಲಿ ಒಲೆ ಹೂಡುವ ಜನವೂ ಇದ್ದರು. ಬಂಡೆಯ ಮೇಲೆ ನೀರುನಾಯಿ ಬಂದಾಗಲೆಲ್ಲ ಅದರ ಹಿಂದೆ ಒಂದು ಪ್ಲಾಸ್ಟಿಕ್ ತಟ್ಟೆಯೋ, ಒಣಹಾಕಿದ ಚಡ್ಡಿಯೋ ಇರುತ್ತಿತ್ತು. ನನಗೆ ಒಂದು ಕಟ್ಟುನಿಟ್ಟಿನ ನಿಯಮವಿತ್ತು: ಚೌಕಟ್ಟಿನೊಳಗೆ ಮನುಷ್ಯನಾಗಲಿ ಮನುಷ್ಯ ಮಾಡಿದ ವಸ್ತುವಾಗಲಿ ಬರಕೂಡದು. ಪ್ರಾಣಿಗೆ ತನ್ನದೇ ಆದ ಲೋಕವಿದೆಯೆಂದು ತೋರಿಸಲು ಬೇರೆ ದಾರಿಯಿಲ್ಲ ಎಂದು ಎಷ್ಟೋ ವೇದಿಕೆಗಳಲ್ಲಿ ವಾದಿಸಿದ್ದೆ. ಆ ನಿಯಮದಿಂದಾಗಿ ಮುತ್ತತ್ತಿಯಿಂದ ಬರಿಗೈಯಲ್ಲಿ ಹೊರಟೆ. ಮಳವಳ್ಳಿಯಿಂದ ಮದ್ದೂರಿಗೆ ಬರುವ ಬಸ್ಸಿನ ಕಿಟಕಿಯಿಂದ, ಕಬ್ಬಿನ ಗದ್ದೆಯ ಅಂಚಿನಲ್ಲಿ, ನೀಳ ಕಾಲಿನ, ಮರಳು ಬಣ್ಣದ, ಕಿವಿಯ ತುದಿಯಲ್ಲಿ ಕಪ್ಪು ಕೂದಲಿನ ಪ್ರಾಣಿಯೊಂದು ಇಲಿಯನ್ನು ಕಚ್ಚಿಕೊಂಡು ಗಂಭೀರವಾಗಿ ನಡೆದುಹೋಗುವುದನ್ನು ಕಂಡೆ. ಕಾಡುಬೆಕ್ಕು. ಮುಂದಿನ ನಿಲ್ದಾಣದಲ್ಲಿ ಇಳಿದೆ.

ಪ್ರಾಣಿಯ ಓಡಾಟದ ಜಾಡು ತಿಳಿಯದೆ ಎದುರಿಗೆ ಹೋಗಿ ಕೂರುವುದು ಕೆಲಸವಲ್ಲ. ಅದಕ್ಕೆ ಮೊದಲು, ಮೈಶಾಖಕ್ಕೆ ತಾನೇ ಎಚ್ಚೆತ್ತು ಚಿತ್ರ ತೆಗೆಯುವ ಪುಟ್ಟ ಕ್ಯಾಮೆರಾವನ್ನು ತೆವರಿಯಲ್ಲಿ ಹುದುಗಿಸಬೇಕು. ಸೋಮನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಅದಕ್ಕೊಂದು ತಗಡಿನ ಗೂಡು ಮಾಡಿಸಿ, ಬೆಕ್ಕಿನ ಭುಜದ ಎತ್ತರಕ್ಕೆ ಗೂಟ ಹೊಡೆದು ಕೂರಿಸಿದೆ. ಮರುದಿನ ಕಾರ್ಡು ತೆಗೆದು ನೋಡಿದರೆ ನೂರಾರು ಚಿತ್ರ. ಎಲ್ಲದರಲ್ಲೂ ಗಾಳಿಗೆ ಹಾರುವ ಒಂದು ಕೆಂಪು ಬಟ್ಟೆ. ನೋಡಲು ಹೋದೆ. ಕ್ಯಾಮೆರಾದ ನೇರ ಮುಂದೆ, ಹುಲ್ಲು ತುಂಬಿದ ಮೈಗೆ ಹಳೆಯ ರವಿಕೆ ತೊಡಿಸಿದ, ಹಲ್ಲು ಕಿರಿದ ದೃಷ್ಟಿಬೊಂಬೆ ನಿಂತಿತ್ತು. ಬಿಸಿಲಿಗೆ ಕಾದ ರವಿಕೆಯ ತೋಳು ಅಲುಗಿದಾಗಲೆಲ್ಲ ಕ್ಯಾಮೆರಾ ಅದನ್ನು ಪ್ರಾಣಿಯೆಂದೇ ತಿಳಿದಿತ್ತು.

“ಅಷ್ಟೊಂದು ಬೆಲೇದು ಅಂತೀಯ, ಕಣ್ಬಿದ್ರೆ ಏನ್ಮಾಡೀಯೆ?” ಎಂದರು ಯಜಮಾನಿ. “ನನ್ನ ಕಬ್ಬಿಗೆ ಕಟ್ಟಿದ್ನ ಕಿತ್ತು ನಿನ್ಗೆ ನೆಟ್ಟಿವ್ನಿ.”

ತಮ್ಮ ಬೆಳೆಗಿದ್ದ ಕಾವಲನ್ನೇ ತೆಗೆದುಕೊಟ್ಟವರೆದುರು ನನ್ನ ವಾದ ಹೊರಡಲಿಲ್ಲ. ಬೊಂಬೆ ಇರಲಿ, ಕ್ಯಾಮೆರಾದ ಹಿಂದೆ ಇರಲಿ ಎಂದು ಒಪ್ಪಂದವಾಯಿತು. ಅದಾದ ಮೇಲೆ ಬೆಕ್ಕು ಕಾರ್ಡಿನಲ್ಲಿ ಮೂಡತೊಡಗಿತು. ಎಳೆ ಬಿಸಿಲಿನ ಹೊತ್ತಿಗೆ ಇಲಿ ಹಿಡಿದು ಬಂದು, ಬಂಡಿದಾರಿ ದಾಟಿ, ಯಜಮಾನಿಯ ಕಬ್ಬಿನೊಳಗೆ ನುಗ್ಗುತ್ತಿತ್ತು. ಸಂಜೆ ಮತ್ತೊಮ್ಮೆ. ಹಿಡಿದದ್ದನ್ನು ಹಿಡಿದಲ್ಲೇ ತಿನ್ನದೆ ಒಂದೇ ಕಡೆಗೆ ಒಯ್ಯುತ್ತಿದೆಯೆಂದರೆ ಕಬ್ಬಿನ ನಡುವೆ ಮರಿಗಳಿವೆ. ನಾನು ಒಳಗೆ ಕಾಲಿಡಲಿಲ್ಲ. ಪಂಪ್‌ಸೆಟ್ಟಿನ ಮನೆಯ ನೆರಳಿನಲ್ಲಿ ಹಸಿರು ಪರದೆ ಕಟ್ಟಿಕೊಂಡು, ಉದ್ದದ ಲೆನ್ಸಿಟ್ಟು, ಮರಿಗಳು ತಾವಾಗಿ ಅಂಚಿಗೆ ಬಂದು ಆಡುವ ದಿನಕ್ಕಾಗಿ ಕಾಯತೊಡಗಿದೆ. ಹಿಂದೆ ಕಬ್ಬು, ಮುಂದೆ ಹುಲ್ಲು, ನಡುವೆ ಮರಿಗಳು. ಚೌಕಟ್ಟಿನಲ್ಲಿ ಮನುಷ್ಯನ ಗುರುತೇ ಇಲ್ಲದ ಚಿತ್ರ ಮನಸ್ಸಿನಲ್ಲಿ ಆಗಲೇ ಸಿದ್ಧವಾಗಿತ್ತು.

ಆ ದಿನ ಬರುವ ಮೊದಲು ಯಜಮಾನಿ ಬಂದರು. “ನಾಳೆ ನಮ್ದು ಕಡೀತಾರೆ ಕಣವ್ವ. ಆಲೆಮನೇಲಿ ಮುಂದ್ಲೋರ ಸರದಿ ತಪ್ಪೋಯ್ತು, ನಮ್ಗೆ ಬಂತು.”

“ಸ್ವಲ್ಪ ದಿನ ಬಿಟ್ಟು ಕಡಿಯೋಕೆ ಆಗಲ್ವಾ ಅಕ್ಕ?”

“ಆಳು ನಮ್ದಾಗಿದ್ರೆ ಆಯ್ತಿತ್ತು. ಇದು ಮುಯ್ಯಾಳು.”

ಮುಯ್ಯಾಳಿನ ಕಟ್ಟಳೆ ಹೀಗಿದೆ. ಇಂದು ನಿಮ್ಮ ಗದ್ದೆಗೆ ನಮ್ಮ ಮನೆಯಿಂದ ಒಂದಾಳು ಬಂದರೆ, ನಮ್ಮ ಗದ್ದೆಯ ದಿನ ನಿಮ್ಮ ಮನೆಯಿಂದ ಒಂದಾಳು ಬರಬೇಕು. ಕೂಲಿಯ ಮಾತಿಲ್ಲ, ಆಳಿಗೆ ಆಳೇ ಮುಯ್ಯಿ. ಕೆಲವು ಮನೆಗಳು ಸೇರಿ ಸರದಿ ಕಟ್ಟಿಕೊಂಡಿರುತ್ತವೆ, ಬೆಲ್ಲ ಕಾಯಿಸುವ ಆಲೆಮನೆಯ ಒಲೆ ಆ ಸರದಿಯ ಮೇಲೆ ಉರಿಯುತ್ತದೆ. ಮೊದಲು ಯಜಮಾನಿಯ ಗದ್ದೆ, ಮರುದಿನ ಬಂಡಿದಾರಿಯಾಚೆಯ ಪಕ್ಕದ ಯಜಮಾನರ ಗದ್ದೆ, ಅದರ ಮರುದಿನ ನಾಲೆಯ ಬದಿಯ ಗದ್ದೆ. ಒಂದನ್ನು ಅಲುಗಿಸಿದರೆ ಎಲ್ಲವೂ ಅಲುಗುತ್ತದೆ.

ಕಡಿಯುವವರಿಗೆ ಬೆಳಿಗ್ಗೆಯೇ ಹೇಳಿದೆ: ನಡುವೆ ಬೆಕ್ಕಿನ ಮರಿಗಳಿವೆ, ನಿಧಾನ. “ಬೆಕ್ಕು ತಾನೆ, ಬುಡು,” ಎಂದರು ಪಕ್ಕದ ಯಜಮಾನರು. ಬಿಸಿಲೇರುವ ಹೊತ್ತಿಗೆ ಅರ್ಧ ಗದ್ದೆ ಬಯಲಾಗಿತ್ತು. ಆಗ ತರಗಿನ ನಡುವಿನಿಂದ ಒಂದು ಕೂಗು ಎದ್ದಿತು, ಅದೂ ಅದೇ ಯಜಮಾನರದು:

“ಬೆಕ್ಕಲ್ಲ ಕಣ್ರಲಾ, ಚಿರ್ತೆ! ಮೂರು ಮರಿ! ಅವ್ವ ಇಲ್ಲೇ ಎಲ್ಲೋ ಅವಳೆ!”

ಮಚ್ಚುಗಳು ಬಿದ್ದವು. ನಾನು ಓಡಿ ಬರುವಷ್ಟರಲ್ಲಿ ಗಂಡಸರೆಲ್ಲ ಕಬ್ಬು ತುಂಬಲು ನಿಂತಿದ್ದ ಟ್ರೇಲರಿನ ಮೇಲಿದ್ದರು. ಯಜಮಾನಿ ಕೆಳಗೆ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

“ಇಳಿಯೋ ಕೆಳೀಕೆ! ಅಂಗೈ ಅಗಲದ್ದು ಮಿಯಾಂವ್ ಅಂತದೆ, ಅದ್ಕೆ ಟ್ರೇಲರ್ ಅತ್ತಿದ್ದೀಯಲ್ಲ!”

“ಅವ್ವ ಬಂದ್ರೆ ಮಿಯಾಂವ್ ಅನ್ನಾಕಿಲ್ಲ ಅತ್ಗೆ!”

ದೂರದಿಂದಲೇ ಒಂದು ಚಿತ್ರ ತೆಗೆದು ಹಿಗ್ಗಿಸಿ ತೋರಿಸಿದೆ. ಮೈಮೇಲೆ ಚುಕ್ಕೆಯಿಲ್ಲ, ಕಾಲಿಗೆ ಮಸುಕು ಪಟ್ಟೆ, ಕಿವಿ ನೆಟ್ಟಗೆ. ಚಿತ್ರವನ್ನು ಅರಣ್ಯ ಇಲಾಖೆಯ ಕಾವಲುಗಾರರಿಗೂ ಕಳಿಸಿದೆ. ಅವರು ಬೈಕಿನಲ್ಲಿ ಬಂದು ನೋಡಿ, ಕಾಡುಬೆಕ್ಕಿನ ಮರಿಗಳೇ ಎಂದರು. ಯಾರೋ ಹಾಲು ತರಲು ಹೊರಟಿದ್ದರು, ಕಾವಲುಗಾರರು ತಡೆದರು. ಮರಿಗಳನ್ನು ಮುಟ್ಟಬಾರದು, ಇದ್ದಲ್ಲೇ ಇರಬೇಕು. ಅವುಗಳ ಸುತ್ತಲಿನಿಂದ ಬಂಡಿದಾರಿಯವರೆಗೆ ಒಂದು ಪಟ್ಟಿ ಕಬ್ಬು ನಿಂತಿರಬೇಕು. ದಾರಿಯಾಚೆಯ ಕಬ್ಬೂ ನಿಂತಿರಬೇಕು, ಏಕೆಂದರೆ ಕಡಿತದ ಸದ್ದಿಗೆ ತಾಯಿ ಅಲ್ಲಿಗೇ ಸರಿದಿರುತ್ತದೆ. ಜನ, ನಾಯಿ, ಯಂತ್ರ ಹತ್ತಿರ ಸುಳಿಯದಿದ್ದರೆ ಒಂದೊಂದಾಗಿ ಕಚ್ಚಿಕೊಂಡು ಹೋಗುತ್ತದೆ. ಬಯಲು ಬಿದ್ದರೆ ಬರುವುದಿಲ್ಲ, ಮರಿಗಳು ಉಳಿಯುವುದಿಲ್ಲ.

“ಆ ಪುಟ್ಟ ಕ್ಯಾಮೆರಾ ಅಲ್ಲೇ ಇಡಬಹುದೇ?” ಎಂದು ಕೇಳಿದೆ.

“ನೀವೇ ಯೋಳಿ ಮೇಡಂ. ತೊಟ್ಲು ಮುಂದೆ ಒಸಾದೊಂದು ಪೆಟ್ಟಿಗೆ ಕಣ್ಬುಟ್ಕೊಂಡು ಕುಂತಿದ್ರೆ ಯಾವ ತಾಯಿ ಬಂದಾಳು?”

ಗೂಟ ಸಮೇತ ಕಿತ್ತು ತಂದೆ. ಹಸಿರು ಪರದೆಯನ್ನೂ ಬಿಚ್ಚಿದೆ. ಯಜಮಾನಿ ತಮ್ಮ ಪಟ್ಟಿಯನ್ನು ಬಿಟ್ಟುಕೊಟ್ಟರು. “ನಾಕು ದಿನ ನಿಂತ್ರೆ ಕಬ್ಬೇನು ಕಹಿ ಆಯ್ತದಾ?” ಎಂದರು. ಉಳಿದದ್ದು ದಾರಿಯಾಚೆಯ ಗದ್ದೆ. ಅದರ ಸರದಿ ನಾಳೆ.

ನಾನು ಪಕ್ಕದ ಯಜಮಾನರೆದುರು ನಿಂತು ಮಾತಾಡಿದೆ. ಕಾಡುಬೆಕ್ಕು ಇಲಿಗಳ ಮೇಲೆಯೇ ಬದುಕುತ್ತದೆ. ಇಲಿಗಳು ಕಬ್ಬಿನ ಬುಡವನ್ನೂ ಭತ್ತದ ತೆನೆಯನ್ನೂ ಬಿಡುವುದಿಲ್ಲ. ಆದ್ದರಿಂದ ಈ ತಾಯಿ ಕೂಲಿ ಕೇಳದೆ ನಿಮ್ಮ ಗದ್ದೆ ಕಾಯುವ ಆಳು. ಆಕೆಯ ಸಂಸಾರವನ್ನು ಉಳಿಸುವುದು ದಯೆಯಲ್ಲ, ನ್ಯಾಯ. ಎಲ್ಲರೂ ಮಚ್ಚಿನ ಹಿಡಿಯ ಮೇಲೆ ಗದ್ದವೂರಿ ಕೇಳಿದರು. ಮುಗಿದಾಗ ಒಬ್ಬಿಬ್ಬರು ಚಪ್ಪಾಳೆಯನ್ನೂ ತಟ್ಟಿದರು.

“ಭಾಷ್ಣ ಪಸಂದಾಗೈತೆ ಕಣಮ್ಮ,” ಎಂದರು ಯಜಮಾನರು. “ಎಲೆಕ್ಸನ್‌ಗೆ ನಿಂತ್ರೆ ಓಟೂ ಆಕ್ತೀನಿ. ಆದ್ರೆ ಆಲೆಮನೆ ಒಲೆಗೆ ಏನ್ ತುಂಬ್ಲಿ? ನಿನ್ ಭಾಷ್ಣ ತುಂಬ್ಲಾ?”

ಅವರ ಅಡ್ಡಿ ಹಟದ್ದಲ್ಲ. ಅವರು ಸರದಿ ಬಿಟ್ಟರೆ ನಾಳೆಗೆ ನಾಲೆಬದಿಯ ಗದ್ದೆ ಮುಂದೆ ಬರಬೇಕು. ಆ ಮನೆಯ ಯಜಮಾನರು ಜಾರಿಬಿದ್ದು ಕೈಗೆ ಪೆಟ್ಟು ಮಾಡಿಕೊಂಡಿದ್ದರು. ಇನ್ನೆರಡು ದಿನದಲ್ಲಿ ಅವರ ಅಳಿಯ ಬರುವವನಿದ್ದ. ಅದಕ್ಕೇ ಅವರದು ಕೊನೆಯ ಸರದಿ. ನಾಳೆಯೇ ಎಂದರೆ ಅವರಲ್ಲಿ ಒಂದಾಳು ಕಡಮೆ. ಅದು ದೊಡ್ಡ ಗದ್ದೆ. ಕಡಮೆ ಆಳಿನಲ್ಲಿ ಕೆಲಸ ಹಿಂದೆ ಬಿದ್ದರೆ ಒಲೆ ಆರುತ್ತದೆ, ಆರಿದ ಒಲೆಯ ನಷ್ಟ ಸರದಿಯ ಎಲ್ಲ ಮನೆಗಳದ್ದು.

ವಾದದಲ್ಲಿ ಗೆಲ್ಲುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ. ಬೇಕಾಗಿದ್ದದ್ದು ಒಂದಾಳು.

“ಆ ಒಂದಾಳು ನಾನು,” ಎಂದೆ.

ಟ್ರೇಲರ್ ಹತ್ತಿದವರನ್ನು ಕಂಡಾಗಲೂ ಅಷ್ಟು ನಗು ಎದ್ದಿರಲಿಲ್ಲ.

“ಮಚ್ಚಿಡ್ದಿದ್ದೀಯಾ ಯಾವತ್ತಾರ?”

“ಇಲ್ಲ ಅಣ್ಣ.”

“ಒರೆ ಒತ್ತಿದ್ದೀಯಾ?”

“ಈ ಕ್ಯಾಮೆರಾ ಚೀಲ ಹೊತ್ತು ಲಡಾಖಿನ ಬೆಟ್ಟ ಹತ್ತಿದ್ದೀನಿ.”

“ಅದು ಒರೆ ಅಲ್ಲ ಕಣಮ್ಮ, ವಡವೆ. ಕಾಲಾಳು ನೀನು. ಬಾಕಿ ಮುಕ್ಕಾಲಾಳು ಯಾರು?”

“ಬಾಕಿ ಮುಕ್ಕಾಲು ನಮ್ಮನೆಯೋರು ನೋಡ್ಕತಾರೆ ಬುಡ್ಲಾ,” ಎಂದರು ಯಜಮಾನಿ. “ನಿನ್ನಂಗೆ ಟ್ರೇಲರ್ ಅತ್ತಾಕಿಲ್ವಲ್ಲ ಅವ್ಳು.”

ಅಲ್ಲಿಗೆ ತೀರ್ಮಾನವಾಯಿತು. ಕ್ಯಾಮೆರಾಗಳನ್ನೆಲ್ಲ ಚೀಲಕ್ಕೆ ಹಾಕಿ ಪಂಪ್‌ಸೆಟ್ಟಿನ ಮನೆಯಲ್ಲಿಟ್ಟು ಚಿಲಕ ಹಾಕಿದೆ. ದುರ್ಬೀನನ್ನು ಮಾತ್ರ ಯಜಮಾನಿಯ ಕೈಗೆ ಕೊಟ್ಟೆ. ಪಂಪ್‌ಸೆಟ್ಟಿನ ಮನೆಯ ತಾರಸಿಯಿಂದ ಮರಿಗಳಿರುವ ಜಾಗ ಕಾಣುತ್ತಿತ್ತು, ಅಲ್ಲಿಯ ಕಾವಲು ಅವರದು.

ಮರುದಿನ ನಾಲೆಬದಿಯ ಗದ್ದೆಯಲ್ಲಿ ನಾನು ಕಲಿತ ಕೆಲಸವನ್ನು ಯಾವ ಶಿಬಿರದಲ್ಲೂ ಕಲಿಸುವುದಿಲ್ಲ. ಕಬ್ಬನ್ನು ಎಡಗೈಯಲ್ಲಿ ಬಗ್ಗಿಸಿ ಹಿಡಿದು ನೆಲಮಟ್ಟಕ್ಕೆ ಮಚ್ಚು ಬೀಸಬೇಕು. ಮೇಲೆ ಬಿಟ್ಟರೆ ಸಿಹಿ ಬುಡದಲ್ಲೇ ಉಳಿಯುತ್ತದೆ, ಆ ಬುಡದಿಂದ ಮರುವರ್ಷಕ್ಕೆ ಚಿಗುರುವ ಕೂಳೆಯೂ ಸರಿಯಾಗಿ ಒಡೆಯುವುದಿಲ್ಲ. ಸವರಿದ ಕಬ್ಬುಗಳನ್ನು ಅದರ ಹಸಿ ಗರಿಯನ್ನೇ, ಸೋಗೆಯನ್ನೇ, ಹುರಿಮಾಡಿ ಕಟ್ಟಬೇಕು. ನನ್ನ ಮೊದಲ ಕಟ್ಟು ಎತ್ತಿದ ಕೂಡಲೇ ಬಿಚ್ಚಿ ಕಾಲಮೇಲೆ ಹರಡಿತು.

“ಅದ್ಯಾಕಮ್ಮ, ಕಬ್ಬಿಗೆ ಜಡೆ ಆಕ್ದಂಗೆ ಆಕಿದ್ದೀಯ?” ಎಂದು ಒಬ್ಬಾಕೆ ನಕ್ಕು, ತಮ್ಮ ಮೊಣಕಾಲಿನಿಂದ ಕಟ್ಟನ್ನು ಅದುಮಿ ಬಿಗಿಯುವುದನ್ನು ತೋರಿಸಿದರು. ಇನ್ನೊಬ್ಬರು ಟವೆಲ್ಲನ್ನು ಸುತ್ತಿ ಸಿಂಬೆ ಮಾಡಿ ನನ್ನ ನೆತ್ತಿಗೆ ಕೂರಿಸಿದರು. ಸೋಗೆಯ ಅಂಚು ಮುಂಗೈಯನ್ನು ಗೀರಿತ್ತು, ಬೆವರು ತಾಗಿದಾಗ ಉರಿಯುತ್ತಿತ್ತು. ಮಧ್ಯಾಹ್ನ ತೆವರಿಯ ಮೇಲೆ ಕುಳಿತು ಮುದ್ದೆ ಉಪ್ಸಾರು ಉಂಡೆ. ಎರಡನೇ ಮುದ್ದೆಯನ್ನೂ ಬೇಡವೆನ್ನಲಿಲ್ಲ. “ಉಣ್ಣಾದ್ರಲ್ಲಿ ಒಂದೂಕಾಲಾಳು,” ಎಂದರು ಪಕ್ಕದ ಯಜಮಾನರು.

ತೊಂದರೆ ಬಂದದ್ದು ಅದಕ್ಕೂ ಮೊದಲು. ಮೊದಲ ಲೋಡಿಗೆ ಆಲೆಮನೆಯ ಟ್ರ್ಯಾಕ್ಟರು ಬಂಡಿದಾರಿಯಲ್ಲೇ ಬಂತು. ನಾಲೆಬದಿಗೆ ಬೇರೆ ದಾರಿಯಿಲ್ಲ. ಯಜಮಾನಿ ತಾರಸಿಯಿಂದ ಇಳಿದು ಓಡಿ ಬಂದರು. ಬೆಳಿಗ್ಗೆ ತಾಯಿ ಒಂದು ಮರಿಯನ್ನು ಒಯ್ದಿತ್ತು. ಎರಡನೆಯದಕ್ಕೆ ಬಂದು ದಾರಿಯ ಅಂಚಿನಲ್ಲಿ ಕಾಲಿಟ್ಟಾಗ ಟ್ರ್ಯಾಕ್ಟರಿನ ಸದ್ದಿಗೆ ಹಿಂದೆ ಸರಿದುಹೋಯಿತು. “ಕಣ್ಣಾರೆ ಕಂಡೆ. ಒಂದು ಓಗೈತೆ, ಎರ್ಡವೆ. ಅವು ಕೂಗ್ತಾವೆ, ಅವ್ಳು ಬತ್ತಾ ಇಲ್ಲ,” ಎಂದರು. ಅವರ ಕೊರಳಲ್ಲಿ ನನ್ನ ದುರ್ಬೀನು, ಕಣ್ಣಲ್ಲಿ ನೀರು.

ದಿನಕ್ಕೆ ಇನ್ನೂ ಎಷ್ಟೋ ಲೋಡುಗಳಿದ್ದವು. ನಾನು ಮಾತಿಗೆ ಬಾಯಿ ತೆರೆಯುವ ಮೊದಲೇ ಪಕ್ಕದ ಯಜಮಾನರು ಟ್ರ್ಯಾಕ್ಟರಿನ ಮುಂದೆ ಹೋಗಿ ನಿಂತಿದ್ದರು.

“ಗಾಡಿ ರೋಡಲ್ಲೇ ನಿಲ್ಸೋ. ಒಳೀಕೆ ಬರಂಗಿಲ್ಲ.”

“ಅಲ್ಲಿಗಂಟ ಕಬ್ಬು ಯಾರಣ್ಣ ತರಾದು?” ಎಂದ ಚಾಲಕ.

“ತಲೆ ಮೇಲೆ ತತ್ತೀವಿ. ನಾನು ಸರದಿ ಬುಟ್ಟಿರಾದು ಬೆಕ್ಕಿಗೆ ಕಣ್ಲಾ, ನಿನ್ ಟ್ಯಾಕ್ಟ್ರಿಗಲ್ಲ.”

ಗೊಣಗಾಟವೇನೋ ಇತ್ತು, ಆದರೂ ಎಲ್ಲರೂ ಹೊರೆ ಹೊತ್ತರು. ಸಾಲಾಗಿ, ಒಬ್ಬರ ಹಿಂದೆ ಒಬ್ಬರು, ಬಂಡಿದಾರಿಯಲ್ಲಿ ಸದ್ದಿಲ್ಲದೆ ನಡೆದೆವು. ಮಾತಾಡಬಾರದೆಂಬ ಕಟ್ಟಳೆಯಿಂದ ಮಾತುಗಾರರಿಗೆ ಹೊರೆಗಿಂತ ಹೆಚ್ಚು ಕಷ್ಟವಾಯಿತು. ಮೊದಲ ಸುತ್ತುಗಳಲ್ಲಿ ಏನೂ ಆಗಲಿಲ್ಲ. ಬಿಸಿಲು ಇಳಿಮುಖವಾದಾಗ, ಪಂಪ್‌ಸೆಟ್ಟಿನ ಮನೆ ದಾಟಿದ ಕೂಡಲೇ, ಸಾಲಿನ ಮುಂದಿದ್ದವರು ತಟ್ಟನೆ ನಿಂತರು.

ಹತ್ತು ಮಾರು ಮುಂದೆ, ಯಜಮಾನಿಯ ಪಟ್ಟಿಯಿಂದ ತಲೆಯೊಂದು ಹೊರಬಂದಿತ್ತು. ಬಾಯಲ್ಲಿ ಮರಿ, ಅದರ ನಾಲ್ಕು ಕಾಲೂ ಇಳಿಬಿದ್ದಿದ್ದವು. ತಾಯಿ ನಮ್ಮನ್ನು ನೋಡಿತು. ನಾವು ಹೊರೆ ಹೊತ್ತ ಕಂಬಗಳಾದೆವು. ಬಹುಶಃ ಆಕೆಗೆ ನಾವು ನಿಂತ ಕಬ್ಬಿನ ಇನ್ನೊಂದು ಸಾಲಿನಂತೆ ಕಂಡೆವೇನೋ. ಅವಸರವಿಲ್ಲದೆ ದಾರಿ ದಾಟಿ ಆಚೆಯ ಗದ್ದೆಯೊಳಗೆ ಮರೆಯಾಯಿತು.

ನನ್ನ ಎರಡೂ ಕೈ ತಲೆಯ ಮೇಲಿನ ಹೊರೆಯಲ್ಲಿದ್ದವು. ಎದೆಯೊಳಗೆ ಎದ್ದ ಸಂತೋಷಕ್ಕೆ ಕೈ ಬೇಕಾಗಿರಲಿಲ್ಲ. ಚಿತ್ರ ತಪ್ಪಿತೆಂಬ ಯೋಚನೆ, ನಿಜ ಹೇಳುತ್ತೇನೆ, ನನಗೆ ಬರಲಿಲ್ಲ. ಅದು ಬಂದದ್ದು ನನ್ನ ಮುಂದೆ ನಿಂತಿದ್ದ ಪಕ್ಕದ ಯಜಮಾನರಿಗೆ.

“ಇನ್ನೊಂದೈತಲ್ಲ,” ಎಂದು ಪಿಸುಗುಟ್ಟಿದರು. “ಓಗು, ಆ ವಡವೆ ಚೀಲ ತಗೊಂಬಾ.”

“ಹೊರೆ?”

“ನನ್ಮೇಲಾಕು.”

“ಎರಡು ಹೊರೆ ಹೊರ್ತೀರಾ ಅಣ್ಣ?”

“ಮಾತಾಡ್ಬ್ಯಾಡ, ಆಕು!”

ಹಿಂದಿನಾಕೆ ಕೈಕೊಟ್ಟರು. ನನ್ನ ಹೊರೆ ಅವರ ಹೊರೆಯ ಮೇಲೆ ಏರಿತು. ನಾನು ಬೆನ್ನ ಹಿಂದಿನ ಪಂಪ್‌ಸೆಟ್ಟಿನ ಮನೆಗೆ ಬಗ್ಗಿ ಹೋಗಿ ಚಿಲಕ ತೆಗೆದೆ.

ಚೀಲದಲ್ಲಿ ಎರಡು ದಾರಿಗಳಿದ್ದವು. ಉದ್ದದ ಲೆನ್ಸು ಹಾಕಿ, ಸಾಲಿನಿಂದ ಪಕ್ಕಕ್ಕೆ ಸರಿದು, ಸ್ಟ್ಯಾಂಡು ನೆಟ್ಟರೆ ಬೆಕ್ಕಿನ ಮುಖ ಚೌಕಟ್ಟು ತುಂಬುತ್ತದೆ. ನನ್ನ ನಿಯಮವೂ ಉಳಿಯುತ್ತದೆ. ಆದರೆ ಆ ತಾಯಿ ಒಪ್ಪಿದ್ದು ಈ ಸಾಲನ್ನು. ಸಾಲಿನಿಂದ ಒಂದು ಮೈ ಬೇರೆಯಾಗಿ ಅಲುಗಿದರೆ ಆ ಒಪ್ಪಿಗೆ ಮುರಿಯಬಹುದು. ಚಿಕ್ಕ ಅಗಲ ಲೆನ್ಸನ್ನು ಹಾಕಿಕೊಂಡೆ. ಶಟರಿನ ಸದ್ದನ್ನು ಪೂರ್ತಿ ಆರಿಸಿದೆ. ಹೊಳೆಯುವ ಸೋಗೆಗೆ ಮೋಸಹೋಗದಂತೆ ಬೆಳಕನ್ನು ಕೈಯಾರೆ ಹೊಂದಿಸಿ, ಫೋಕಸನ್ನು ದಾರಿಯ ನಡುವಿನ ಗಾಲಿಜಾಡಿಗೆ ಕಟ್ಟಿ, ನನ್ನ ಹಳೆಯ ಜಾಗಕ್ಕೆ, ಸಾಲಿನೊಳಗೇ, ಮರಳಿ ಬಂದು ಮಂಡಿಯೂರಿದೆ.

ಕಾಯುವುದು ನನಗೆ ಹೊಸದಲ್ಲ. ಆದರೆ ಬೇರೆಯವರು ನನಗಾಗಿ ಹೊರೆ ಹೊತ್ತು ಕಾಯುವುದನ್ನು ಎಂದೂ ಕಂಡಿರಲಿಲ್ಲ. ಉಳಿದವರು ಒಬ್ಬರಿಗೊಬ್ಬರು ಕೈಕೊಟ್ಟು ಮೆಲ್ಲಗೆ ಹೊರೆ ಇಳಿಸಿ ಅದರ ಮೇಲೆಯೇ ಕುಳಿತರು. ಪಕ್ಕದ ಯಜಮಾನರ ಎರಡು ಹೊರೆ ಇಳಿಸಬೇಕಾದರೆ ಇಬ್ಬರು ಎದ್ದು ನಿಲ್ಲಬೇಕು, ಸೋಗೆ ಸರಸರ ಎನ್ನಬೇಕು. ಅಷ್ಟರಲ್ಲಿ ದಾರಿಯಾಚೆಯ ಕಬ್ಬು ಅಲುಗಿತು. ತಾಯಿ ಬರಿಬಾಯಲ್ಲಿ ಹಿಂದಿರುಗಿ ದಾಟಿ ಯಜಮಾನಿಯ ಪಟ್ಟಿಯೊಳಗೆ ಹೋಯಿತು. ಇನ್ನು ಯಾರೂ ಏಳುವಂತಿಲ್ಲ. ಅವರೊಬ್ಬರೇ ನೆಟ್ಟಗೆ ನಿಂತಿದ್ದರು. ಹಣೆಯಿಂದ ಬೆವರು ಮೀಸೆಗೆ ಇಳಿಯುತ್ತಿತ್ತು.

“ಬೇಗ ಬಾರವ್ವ, ತಾಯಿ,” ಎಂದು ಹಲ್ಲುಕಚ್ಚಿ ಗೊಣಗಿದರು. “ಕತ್ತು ಒಳೀಕೋಯ್ತಾ ಐತೆ.”

ಹೊರೆಯ ಮೇಲೆ ಕುಳಿತಿದ್ದವರ ಭುಜಗಳು ತಡೆದ ನಗುವಿಗೆ ಕುಲುಕಾಡಿದವು.

ತಾಯಿ ಬಂತು. ಕೊನೆಯ ಮರಿ ಕೊಬ್ಬಿದ್ದು. ಕಚ್ಚಿ ಎತ್ತಿದರೂ ಅದರ ಹಿಂಗಾಲು ನೆಲ ತಾಗುತ್ತಿತ್ತು. ದಾರಿಯ ನಡುವೆ ಇಳಿಸಿ, ಹಿಡಿತ ಬದಲಿಸಿ, ಮತ್ತೆ ಎತ್ತಿತು. ಹಾಗೆ ಎತ್ತುವಾಗ ಎದುರಿಗೆ ಎರಡು ಹೊರೆ ಹೊತ್ತು ನಿಂತಿದ್ದ ಮನುಷ್ಯನನ್ನು ತಲೆಯೆತ್ತಿ ನೋಡಿತು. ಅವರೂ ನೋಡಿದರು. ಇಬ್ಬರೂ ತಮ್ಮ ತಮ್ಮ ಹೊರೆಯಿಂದಾಗಿ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ನಾನು ಬೆರಳು ಒತ್ತಿದೆ.

ಬಾಲ ಕಬ್ಬಿನೊಳಗೆ ಮರೆಯಾದ ಕೂಡಲೇ ತಾರಸಿಯ ಮೇಲಿಂದ ಯಜಮಾನಿ ಕೂಗಿದರು: “ಮೂರೂ ಓದ್ವು! ಮೂರೂ ಓದ್ವು ಕಣ್ರೋ!” ದಿನವಿಡೀ ಕಟ್ಟಿಟ್ಟಿದ್ದ ಮಾತು ಒಮ್ಮೆ ಒಡೆದು ದಾರಿಯೆಲ್ಲ ಗದ್ದಲವಾಯಿತು. ಆ ಗದ್ದಲದಲ್ಲಿ ಎರಡು ಹೊರೆಯವರು ಹೊರೆ ಇಳಿಸಿರೆಂದು ಕೂಗುತ್ತಿದ್ದದ್ದು ಯಾರಿಗೂ ಕೇಳಿಸಲಿಲ್ಲ.

ಆ ಸಂಜೆ ಆಲೆಮನೆಯ ಒಲೆ ಆರಲಿಲ್ಲ. ತಾಯಿ ಮರಿಗಳನ್ನು ನಾಲೆಯ ಏರಿಯ ಪೊದೆಗಳಿಗೆ ಸಾಗಿಸಿದ ಗುರುತನ್ನು ಕಾವಲುಗಾರರು ಕಂಡ ಮೇಲೆ ಪಕ್ಕದ ಗದ್ದೆಯ ಕಡಿತವೂ ನಡೆಯಿತು. ಅಲ್ಲಿಯೂ ನಾನು ಹೊರೆ ಹೊತ್ತೆ.

ಖಾಲಿ ಬಟ್ಟೆಗೆ ಆ ಚಿತ್ರವನ್ನೇ ಅಚ್ಚು ಹಾಕಿಸಿದೆ. ಮೊದಲು ಹಳೆಯ ನಿಯಮದ ಪ್ರಕಾರ ಬೆಕ್ಕನ್ನು ಮಾತ್ರ ಉಳಿಸಿ ಸುತ್ತ ಕತ್ತರಿಸಿ ನೋಡಿದೆ. ಚೆಲುವಾದ ಬೆಕ್ಕು, ಆದರೆ ಅದು ಹೇಗೆ ಉಳಿಯಿತೆಂಬುದು ಆ ಚಿತ್ರದಲ್ಲಿರಲಿಲ್ಲ. ಇಡಿಯಾಗಿ ಬಿಟ್ಟೆ. ಮಳವಳ್ಳಿಯ ಬಳಿಯ ಆ ಶಾಲೆಯ ಗೋಡೆಗೆ ಅದನ್ನು ನೇತುಹಾಕಿದ ದಿನ ಹೊರೆ ಹೊತ್ತ ಊರಿನವರನ್ನೆಲ್ಲ ಕರೆದಿದ್ದೆ. ಖಡ್ಗಮೃಗ, ಕಾಡುಕತ್ತೆಗಳನ್ನು ದಾಟಿ ಎಲ್ಲರೂ ಅಲ್ಲಿಗೇ ಬಂದರು. ಬಂದವರು ಮೊದಲು ಹುಡುಕಿದ್ದು ತಮ್ಮನ್ನು.

“ನನ್ ಸೀರೆ ಅಂಚು ಕಾಣ್ತದೆ, ಮೊಕ ಇಲ್ಲ!” ಎಂದು ಒಬ್ಬಾಕೆ ಸಿಟ್ಟಾದರು. ಶಿಕ್ಷಕಿ ಬೆಕ್ಕೆಲ್ಲಿದೆಯೆಂದು ಕೇಳಿದಾಗ ಪಕ್ಕದ ಯಜಮಾನರು ಮುಂದೆ ಬಂದು, ಮೀಸೆಯ ಕೆಳಗೆ ನಗುತ್ತ ಬೆರಳಿಟ್ಟು ತೋರಿಸಿದರು: “ಇಲ್ಲೈತೆ ನೋಡ್ರವ್ವ. ಕಣ್ಣು ಅಸ್ರು. ಇಷ್ಟತ್ರ ನೋಡಿವ್ನಿ, ಲೆನ್ಸಿಲ್ದೆ.”

ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. “ನಾಲೆಬದೀಗೆ ನೀನು ಬಂದಿದ್ದು ಸರಿಯೋಯ್ತು. ನನ್ ಗದ್ದೆಗೆ ಬಂದಿದ್ದು ನಾನು ಬುಟ್ಟ ಸರದಿಗೆ ಸರಿಯೋಯ್ತು. ಆದ್ರೆ ನಿನ್ನೊರೆ ನನ್ ತಲೆಮೇಲೆ ಒತ್ತು ನಿಂತಿದ್ನಲ್ಲ, ಅದು ಬಾಕಿ ಐತೆ. ಮುಂದ್ಲೊರ್ಸ ಕೂಳೆ ಕಡಿಯೋ ವತ್ಗೆ ಬರ್ಬೇಕು.”

ಮುಂದಿನ ವರ್ಷ ಆ ಹೊತ್ತಿಗೆ ನಾನು ಈಶಾನ್ಯದ ಹುಲ್ಲುಗಾವಲಿನಲ್ಲಿರಬೇಕಿತ್ತು. ಅಲ್ಲಿಯವರಿಗೆ ತಡವಾಗಿ ಬರುತ್ತೇನೆಂದು ಬರೆದು, ಮದ್ದೂರಿನಲ್ಲಿ ಬಸ್ಸಿಳಿದೆ. ಉದ್ದದ ಲೆನ್ಸು, ಅಗಲ ಲೆನ್ಸು, ಕಾರ್ಡುಗಳ ಡಬ್ಬಿ. ಅವುಗಳ ಪಕ್ಕದಲ್ಲಿ, ಚೀಲದೊಳಗೆ, ಸುತ್ತಿಟ್ಟ ಒಂದು ಸಿಂಬೆ.